ಗಡಿನಾಡುಗಳನ್ನು ಸುತ್ತಿ ಗಡಿನಾಡಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ಸುತ್ತಿ ಮನೆಗೆ ಮರಳಿದ ಮೇಲೆ ಏನು ಮಾಡಬೇಕೆಂಬುದನ್ನು ಆ ಗಾದೆ ಹೇಳುವುದಿಲ್ಲ. ಬೆನ್ನಿಗೊಂದು ಚೀಲ ಏರಿಸಿಕೊಂಡು ನಾಲ್ಕು ತಿಂಗಳು ಯುರೋಪಿನಲ್ಲಿ ಅಲೆದು, ಮೇ ತಿಂಗಳ ನಡುವಿನಲ್ಲಿ ಬದಿಯಡ್ಕದ ಸಮೀಪದ ನಮ್ಮ ಮನೆಯನ್ನು ಸೇರಿದ ಮೇಲೆ ಈ ಪ್ರಶ್ನೆ ನನ್ನನ್ನು ಕಾಡತೊಡಗಿತು. ನಮ್ಮ ಕಡೆ ಪರದೇಶವೆಂದರೆ ಗಲ್ಫ್. ಹೋದವರು ದುಡಿದು ತರುತ್ತಾರೆ. ದುಡಿದಿಟ್ಟದ್ದನ್ನು ಕರಗಿಸಿ ಬಂದವರ ಬಗೆಗೆ ಊರಿಗೆ ಕುತೂಹಲಕ್ಕಿಂತ ಕನಿಕರವೇ ಹೆಚ್ಚು. "ಎಂತ ತಂದದ್ದು?" ಎಂದು ಕೇಳಿದವರಿಗೆ ತೋರಿಸಲು ನನ್ನಲ್ಲಿ ಇದ್ದುದು ಸವೆದ ಒಂದು ಜೊತೆ ಬೂಟು, ಬಣ್ಣದ ಚಿತ್ತಾರ ಬರೆದ ಒಂದು ಕೋಳಿಮೊಟ್ಟೆಯ ಚಿಪ್ಪು ಮತ್ತು ಬರೆದು ತುಂಬಿಸಿದ ಎರಡು ನೋಟುಪುಸ್ತಕ.

ಪ್ಯಾರಿಸ್, ರೋಮ್‌ಗಳನ್ನು ಬಿಟ್ಟು ಯಾರೂ ಹೋಗದ ಮೂಲೆಗಳಿಗೆ ಏಕೆ ಹೋದದ್ದೆಂದು ಹಲವರು ಕೇಳಿದರು. ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಮನೆ, ತೋಟ, ದೈವಸ್ಥಾನಗಳು ಇದ್ದಲ್ಲಿಯೇ ಇದ್ದವು. ಕಚೇರಿಯ ಭಾಷೆ ಬದಲಾಯಿತು. ಇಂತಹ ಅನುಭವವಿರುವ ಬೇರೆ ನಾಡುಗಳ ಜನರು ತಮ್ಮ ಮಕ್ಕಳನ್ನು ಯಾವ ಶಾಲೆಗೆ ಕಳುಹಿಸುತ್ತಾರೆಂದು ನೋಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು.

ಮೊದಲು ಹೋದದ್ದು ವೇಲ್ಸಿಗೆ. ಅಲ್ಲಿ ತಿರುವುಗಳಿರುವಲ್ಲಿ ರಸ್ತೆಯ ಮೇಲೆಯೇ ಬಿಳಿಯ ದೊಡ್ಡ ಅಕ್ಷರಗಳಲ್ಲಿ 'ಸ್ಲೋ' ಎಂಬುದರೊಂದಿಗೆ 'ಅರಾವ್' ಎಂದೂ ಬರೆದಿರುತ್ತದೆ. ನಿಧಾನ ಎಂಬುದಕ್ಕೆ ಅದು ವೆಲ್ಷ್ ಮಾತು. ಪಶ್ಚಿಮ ಕರಾವಳಿಯ ಅಬರಿಸ್ಟ್‌ವಿತ್ ಪಟ್ಟಣದಲ್ಲಿ ಒಂದು ವಾರ ತಂಗಿದ್ದೆ. ಗುಡ್ಡದ ಮೇಲೆ ಆ ನಾಡಿನ ರಾಷ್ಟ್ರೀಯ ಗ್ರಂಥಾಲಯ, ಕೆಳಗೆ ಚಳಿಗಾಲದ ಕಡಲು. 1939ರಲ್ಲಿ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ ಎಂಬವರು ಈ ಪಟ್ಟಣದಲ್ಲಿ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆಯನ್ನು ತೆರೆದರು. ಆರಂಭದಲ್ಲಿ ಸೇರಿದ ಮಕ್ಕಳು ಏಳು. ಅದು ಸರಕಾರದ ಶಾಲೆಯಾಗಿರಲಿಲ್ಲ. ಸ್ಥಳೀಯ ಆಡಳಿತವೇ ನಡೆಸುವ ಮೊದಲ ವೆಲ್ಷ್ ಶಾಲೆ ಲಾನೆಲ್ಲಿ ಎಂಬ ಊರಿನಲ್ಲಿ ಬಂದದ್ದು 1947ರಲ್ಲಿ. ಇಂದು ಅಂತಹ ಶಾಲೆಗಳು ನೂರಾರು ಇವೆ. ಆದರೂ 2011ರ ಜನಗಣತಿಯಲ್ಲಿ ಶೇ. 19ರಷ್ಟಿದ್ದ ವೆಲ್ಷ್ ಬಲ್ಲವರ ಪ್ರಮಾಣ 2021ರಲ್ಲಿ ಶೇ. 17.8ಕ್ಕೆ ಇಳಿದಿದೆ. ಕಾನೂನು, ದೂರದರ್ಶನ ವಾಹಿನಿ, ಫಲಕ ಎಲ್ಲವೂ ಇದ್ದಲ್ಲಿಯೂ ಭಾಷೆಯನ್ನು ಪ್ರತಿ ತಲೆಮಾರೂ ಹೊಸದಾಗಿ ಉಳಿಸಿಕೊಳ್ಳಬೇಕಾಗುತ್ತದೆ.

ಈಸ್ಟರ್ ಹಬ್ಬದ ಹೊತ್ತಿಗೆ ಜರ್ಮನಿಯ ಪೂರ್ವದ ಅಂಚಿನಲ್ಲಿರುವ ಬಾಟ್ಸನ್ ಎಂಬ ಊರನ್ನು ತಲಪಿದ್ದೆ. ಅಲ್ಲಿ ಸೋರ್ಬ್ ಎಂಬ ಸ್ಲಾವ್ ಜನರಿದ್ದಾರೆ. ಸುಮಾರು 60,000 ಮಂದಿ ಎಂದು ಅಂದಾಜು. ಬೀದಿಯ ಫಲಕಗಳೆಲ್ಲ ಎರಡು ಭಾಷೆಗಳಲ್ಲಿವೆ. ಅವರ ಮಾತಿನಲ್ಲಿ ಬಾಟ್ಸನ್‌ಗೆ ಬುಡಿಶಿನ್ ಎಂದು ಹೆಸರು. ಹಬ್ಬದ ದಿನ ಕರಿಯ ಕೋಟು, ಎತ್ತರದ ಟೋಪಿ ತೊಟ್ಟ ಗಂಡಸರು ಅಲಂಕರಿಸಿದ ಕುದುರೆಗಳನ್ನೇರಿ ತಮ್ಮ ಭಾಷೆಯಲ್ಲಿ ಹಾಡುತ್ತ ಹಳ್ಳಿಯಿಂದ ಹಳ್ಳಿಗೆ ಸಾಗುತ್ತಾರೆ. ನೋಡಲು ದೂರದೂರುಗಳಿಂದ ಜನ ಬರುತ್ತಾರೆ. ಮೇಣ ಮತ್ತು ಬಣ್ಣದಿಂದ ಚಿತ್ತಾರ ಬರೆದ ಮೊಟ್ಟೆ ನನಗೆ ದೊರೆತದ್ದೂ ಅಲ್ಲಿಯೇ.

ಹಬ್ಬ ಮುಗಿದ ಮೇಲೆ ಸಮೀಪದ ಕ್ರೋಸ್ಟ್‌ವಿಟ್ಸ್ ಹಳ್ಳಿಯ ಕಡೆಗೆ ನಡೆದೆ. 2001ರಲ್ಲಿ ಅಲ್ಲಿನ ಸೋರ್ಬಿಯನ್ ಶಾಲೆಯ ಐದನೆಯ ತರಗತಿಗೆ 17 ಮಕ್ಕಳು ಇದ್ದರು. ಸಂಖ್ಯೆ ಸಾಲದೆಂದು ಸರಕಾರ ತರಗತಿಗೆ ಅನುಮತಿ ಕೊಡಲಿಲ್ಲ. ಹೆತ್ತವರು ಮಣಿಯದೆ ಮಕ್ಕಳನ್ನು ಅದೇ ಶಾಲೆಗೆ ಕಳುಹಿಸಿದರು. ನಿವೃತ್ತ ಶಿಕ್ಷಕರು ಬಂದು ವಾರಗಟ್ಟಲೆ ಪಾಠ ಹೇಳಿದರು. ಕೊನೆಗೂ ಆ ಮಾಧ್ಯಮಿಕ ಶಾಲೆ 2003ರಲ್ಲಿ ಮುಚ್ಚಿತು. ಪ್ರಾಥಮಿಕ ಶಾಲೆ ಉಳಿದಿದೆ. ಕುದುರೆ ಮೆರವಣಿಗೆಯ ಚಿತ್ರ ತೆಗೆಯಲು ಬಂದವರಲ್ಲಿ ಎಷ್ಟು ಮಂದಿಗೆ ಈ 17 ಮಕ್ಕಳ ಕತೆ ಗೊತ್ತೋ! ಉತ್ಸವಕ್ಕೆ ಸಾವಿರ ಜನ ಸೇರಿದರೂ ತರಗತಿಗೆ ಬೇಕಾಗುವುದು ಮಕ್ಕಳೇ.

ಕೊನೆಯದು ಇಟಲಿಯ ಉತ್ತರದ ದಕ್ಷಿಣ ಟಿರೋಲ್. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಂತೆ ಆಸ್ಟ್ರಿಯಾದಿಂದ ಇಟಲಿಯ ಪಾಲಾದ, ಜರ್ಮನ್ ಮಾತಾಡುವ ಸೀಮೆ ಅದು. 1923ರಿಂದ ಮುಸೊಲಿನಿಯ ಸರಕಾರ ಅಲ್ಲಿನ ಶಾಲೆಗಳಿಂದ ಜರ್ಮನ್ ಭಾಷೆಯನ್ನು ಹಂತಹಂತವಾಗಿ ಹೊರಗಟ್ಟಿತು. ಆಗ ರೈತರ ಮನೆಗಳಲ್ಲಿ, ಅಟ್ಟಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಪಾಠಗಳು ನಡೆದವು. 'ನೆಲಮಾಳಿಗೆ ಶಾಲೆ'ಗಳೆಂದು ಅವುಗಳ ಹೆಸರು. ಕಲಿಸುತ್ತಿದ್ದವರಲ್ಲಿ ಹೆಚ್ಚಿನವರು ತರುಣಿಯರು. ಅವರಲ್ಲೊಬ್ಬಳಾದ ಆಂಗೆಲಾ ನಿಕೊಲೆತ್ತಿ ಇದಕ್ಕಾಗಿ ಸೆರೆಮನೆ ಕಂಡು, 1930ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಂದು ಆ ನಾಡಿಗೆ ಸ್ವಾಯತ್ತೆ ಇದೆ. ಜರ್ಮನ್ ಶಾಲೆಯಲ್ಲಿ ಒಂದನೆಯ ತರಗತಿಯಿಂದ ಇಟಾಲಿಯನ್ ಕಲಿಸುತ್ತಾರೆ. ಇಟಾಲಿಯನ್ ಶಾಲೆಯಲ್ಲಿ ಜರ್ಮನ್. ಲಡಿನ್ ಎಂಬ ಮತ್ತೂ ಚಿಕ್ಕ ಭಾಷೆಯವರ ಕಣಿವೆಗಳಲ್ಲಿ ಎರಡೂ ಭಾಷೆಗಳಲ್ಲಿ ಸಮಸಮವಾಗಿ ಪಾಠ ನಡೆಯುತ್ತದೆ, ಜೊತೆಗೆ ಲಡಿನ್ ಕೂಡ ಇರುತ್ತದೆ. ಸರಕಾರಿ ಉದ್ಯೋಗ ಬೇಕಿದ್ದವರು ಎರಡು ಭಾಷೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಊರಿಗೆ ಬಂದು ಈ ಎಲ್ಲವನ್ನೂ ಹೇಳುತ್ತಿದ್ದಾಗ ಭಾವನಿಗೆ ಹಿಡಿಸಿದ್ದು ದಕ್ಷಿಣ ಟಿರೋಲಿನ ಸೇಬಿನ ತೋಟ. ವಸಂತದ ರಾತ್ರಿ ಹಿಮ ಬೀಳುವ ಸೂಚನೆ ಕಂಡರೆ ಅಲ್ಲಿನ ಕೃಷಿಕರು ಅರಳಿದ ಹೂವುಗಳ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಹೊರಬರುವ ಶಾಖ ಹೂವನ್ನು ಕಾಪಾಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಮರವೆಲ್ಲ ಗಾಜಿನಂತೆ ಹೊಳೆಯುತ್ತಿರುತ್ತದೆ. ಅಡಕೆಗೆ ಮದ್ದು ಬಿಡುವ ಚಿಂತೆಯಲ್ಲಿದ್ದ ಭಾವ ಇದನ್ನು ಎರಡು ಸಲ ಹೇಳಿಸಿ ಕೇಳಿದರು.

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕುತ್ತಿದ್ದ ಅಕ್ಕನ ಚಿಂತೆ ಬೇರೆಯಾಗಿತ್ತು. ಜೂನ್ ತಿಂಗಳಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಬೇಕು. ಅಕ್ಕ ಹೇಳಿದಳು: "ಅಲ್ಲಿ ಈಗ ಸರಕಾರವೇ ಹಣ ಕೊಡ್ತದೆ, ಇಲ್ಲಿ ಮಾಷ್ಟ್ರ ಹುದ್ದೆ ತುಂಬಿಸಬೇಕಾದರೂ ಧರಣಿ ಕೂರಬೇಕು. ಕನ್ನಡ ಶಾಲೆಗೆ ಹಾಕಿದರೆ ನಾಳೆ ಅವಳು ಕಾಲೇಜಿನಲ್ಲಿ ಎಂತ ಮಾಡುವುದು?"

ಆಕೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಹೆತ್ತವರೂ ಮಕ್ಕಳೂ ಬೀದಿಗಿಳಿಯಬೇಕಾದದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿದೆ. ಮುಂದೆ ಓದಲು ಇಂಗ್ಲಿಷ್ ಬೇಕು, ಈ ರಾಜ್ಯದಲ್ಲಿ ಬಾಳಲು ಮಲೆಯಾಳ ಬೇಕು. ತಾಯಿಯೊಬ್ಬಳು ಮಗಳ ಭವಿಷ್ಯವನ್ನು ಅಭಿಮಾನದ ಭಾಷಣಕ್ಕೆ ಒಪ್ಪಿಸಲಾರಳು, ಒಪ್ಪಿಸಲೂಬಾರದು.

ಆದರೆ ಕನ್ನಡ ಶಾಲೆಯೆಂದರೆ ಕನ್ನಡ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ನಮ್ಮೂರಿನ ಮಗುವನ್ನು ಗಮನಿಸಿ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವಿಗನ್ನಡ, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಇಲ್ಲಿನ ಎಷ್ಟೋ ಮಕ್ಕಳಿಗೆ ಕನ್ನಡ ಹೆತ್ತಮ್ಮನ ಮಾತಲ್ಲ, ಅಕ್ಷರದ ಮಾತು. ಬೇರೆ ಬೇರೆ ಮನೆಮಾತಿನವರು ಸೇರಿ ಬೆಳೆಸಿದ ಈ ಅಕ್ಷರದ ಮನೆಯಲ್ಲಿಯೇ ಮಂಜೇಶ್ವರದ ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದರು. ಪೈಗಳ ಮನೆಮಾತು ಕೊಂಕಣಿ, ರೈಗಳದು ತುಳು. ಟಿರೋಲಿನ ರೈತನ ಮನೆಮಾತಿಗೂ ಅವನ ಮಗ ಶಾಲೆಯಲ್ಲಿ ಓದುವ ಜರ್ಮನ್ ಭಾಷೆಗೂ ಬಹಳ ಅಂತರವಿದೆ. ಅವನು ಎರಡನ್ನೂ ತನ್ನದೆನ್ನುತ್ತಾನೆ, ಇಟಾಲಿಯನ್ ಕೂಡ ಕಲಿಯುತ್ತಾನೆ. ನಾವು ಕೇಳಬೇಕಾದದ್ದೂ ಅದನ್ನೇ: ಕನ್ನಡದಲ್ಲಿ ಗಟ್ಟಿಯಾದ ಪಾಠ, ಅದರೊಂದಿಗೆ ಚೆನ್ನಾಗಿ ಕಲಿಸಿದ ಮಲೆಯಾಳ ಮತ್ತು ಇಂಗ್ಲಿಷ್. ಇದನ್ನು ಗಟ್ಟಿಯಾಗಿ ಕೇಳಬಲ್ಲವರು ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ಹೆತ್ತವರು ಮಾತ್ರ. ಮಕ್ಕಳು ಬೇರೆ ಕಡೆ ಓದುತ್ತಿದ್ದರೆ ನವೆಂಬರ್ ತಿಂಗಳ ನಮ್ಮ ಘೋಷಣೆಗಳಿಗೆ ಕಚೇರಿಯಲ್ಲಿ ಬೆಲೆ ಇರದು.

ಅಕ್ಕನೂ ಭಾವನೂ ಎರಡು ಶಾಲೆಗಳಿಗೆ ಹೋಗಿ ನೋಡಿ ಬಂದರು. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿಯೊಡನೆ ಒಂದು ಗಂಟೆ ಮಾತಾಡಿದರು; ಇಂಗ್ಲಿಷ್ ಹೇಗೆ ಕಲಿಸುತ್ತೀರಿ, ಮಲೆಯಾಳಕ್ಕೆ ಯಾರಿದ್ದಾರೆ, ಖಾಲಿ ಹುದ್ದೆ ಎಂದು ತುಂಬುತ್ತದೆ ಎಂದೆಲ್ಲ ವಿಚಾರಿಸಿದರು. ಎಲ್ಲಕ್ಕೂ ಉತ್ತರ ಸಿಗಲಿಲ್ಲ. ಸಿಕ್ಕ ಉತ್ತರಗಳಲ್ಲಿ ಮುಚ್ಚುಮರೆ ಇರಲಿಲ್ಲ ಎಂಬುದೇ ಅಕ್ಕನಿಗೆ ಮೆಚ್ಚಿಕೆಯಾಯಿತು. ಅಲ್ಲಿಯವರೆಗೆ ಒಂದನೆಯ ತರಗತಿಗೆ ಸೇರಿದ್ದವರು ಎಂಟು ಮಕ್ಕಳು, ನಮ್ಮವಳು ಒಂಬತ್ತನೆಯವಳು. ಅಬರಿಸ್ಟ್‌ವಿತ್‌ನಲ್ಲಿ ಏಳೇ ಇದ್ದರಲ್ಲವೇ ಎಂದು ಭಾವ ನಕ್ಕರು. ಅಕ್ಕ ನಗಲಿಲ್ಲ. ಶನಿವಾರಗಳಲ್ಲಿ ಬಂದು ಮಗಳಿಗೂ ಅವಳ ಜೊತೆಗಾರರಿಗೂ ಇಂಗ್ಲಿಷ್ ಹೇಳಿಕೊಡಬೇಕೆಂದು ನನಗೆ ಆಜ್ಞೆ ಮಾಡಿದಳು. ಒಪ್ಪಿಕೊಂಡಿದ್ದೇನೆ.

ಈ ಅಂಕಣವನ್ನು ಓದುವ ಹೆತ್ತವರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಕನ್ನಡ ಶಾಲೆಯಲ್ಲಿ ಈ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದ್ದಾರೆ, ಯಾವ ಹುದ್ದೆ ಖಾಲಿ ಇದೆ ಎಂಬುದನ್ನು ರಕ್ಷಕ ಶಿಕ್ಷಕ ಸಂಘದ ಮೊದಲ ಸಭೆಯಲ್ಲಿಯೇ ಕೇಳಿ ತಿಳಿದುಕೊಳ್ಳಿ. ಅದಕ್ಕೆ ವೀಸಾ ಬೇಡ, ಬೆನ್ನಚೀಲವೂ ಬೇಡ.