ಕಿಟ್ಟೆಲ್ ಕೋಶದ ತವರೂರು

ಜರ್ಮನಿಗೆ ಹೋಗಿ ಬಂದೆ ಎಂದರೆ ನೀವು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು: ಬರ್ಲಿನ್ ನೋಡಿದಿರಾ? ಹಿಮದ ಬೆಟ್ಟ ಹತ್ತಿದಿರಾ? ಇಲ್ಲ, ಎರಡೂ ಇಲ್ಲ. ಮಗಳು ಬ್ರೆಮೆನ್ ಊರಿನಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಅವಳ ಮನೆಗೆ ಹೋದವಳು, "ನನಗೆ ಒಂದೇ ಒಂದು ಊರು ತೋರಿಸು, ಸಾಕು" ಅಂದೆ. ಊರಿನ ಹೆಸರು ಕೇಳಿ ಅವಳು ಕಣ್ಣು ಕಣ್ಣು ಬಿಟ್ಟಳು. ಅಳಿಯಂದಿರು ಭೂಪಟದಲ್ಲಿ ಹುಡುಕಲು ಶುರುಮಾಡಿದರು. ಬಹಳ ಹೊತ್ತು ಹುಡುಕಿದ ಮೇಲೆ, "ಅಲ್ಲಿ ಏನಿದೆ ಅಂತ ಹೋಗ್ತೀರಿ ಅತ್ತೆ? ಒಂದು ಚರ್ಚು, ನಾಲ್ಕು ಮನೆ, ಹಸು!" ಎಂದು ನಕ್ಕರು.

ಆ ಊರಿನ ಹೆಸರು ರೆಸ್ಟರ್‌ಹಾಫೆ. 1832ರ ಏಪ್ರಿಲ್‌ನಲ್ಲಿ ಅಲ್ಲಿಯ ಪಾದ್ರಿಯ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದ ಕೂಸೇ ಫರ್ಡಿನೆಂಡ್ ಕಿಟ್ಟೆಲ್. ನಮ್ಮ ಕಿಟ್ಟೆಲ್ ಕೋಶದ ಕಿಟ್ಟೆಲ್!

ಅಲ್ಲಿಗೇ ಹೋಗಬೇಕೆಂಬ ಹಟ ನನಗೇಕೆ ಬಂತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಊರು ನೋಡೋಣ ಬನ್ನಿ.

ನೀರಿಗೂ ನೆಲಕ್ಕೂ ಜಗಳ

ಜರ್ಮನಿಯ ವಾಯುವ್ಯ ಮೂಲೆಗೆ ಪೂರ್ವ ಫ್ರಿಸಿಯಾ ಎಂದು ಹೆಸರು. ಬ್ರೆಮೆನ್‌ನಿಂದ ರೈಲಿನಲ್ಲಿ ನಾರ್ಡನ್ ಎಂಬ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಡೋರ್ನುಮ್ ಸೇರಿದೆವು. ರೆಸ್ಟರ್‌ಹಾಫೆ ಅದರ ಪಕ್ಕದ ಹಳ್ಳಿ. ಈಗ ಡೋರ್ನುಮ್ ಆಡಳಿತಕ್ಕೇ ಸೇರಿದೆ.

ದಾರಿಯುದ್ದಕ್ಕೂ ಗುಡ್ಡವೆಂಬುದೇ ಇಲ್ಲ. ರೊಟ್ಟಿ ತಟ್ಟಿ ಹಾಸಿದ ಹಾಗೆ ಚಪ್ಪಟೆ ನೆಲ, ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು, ಗೆರೆ ಎಳೆದಂಥ ಕಾಲುವೆಗಳು, ಕಪ್ಪು ಬಿಳುಪಿನ ಹಸುಗಳು. ಮನೆಗಳೂ ಚರ್ಚುಗಳೂ ಕೆಂಪು ಇಟ್ಟಿಗೆಯವು. ಈ ಸೀಮೆಯ ಬಹಳಷ್ಟು ಚರ್ಚುಗಳಲ್ಲಿ ಗಂಟೆಯ ಗೋಪುರ ಚರ್ಚಿಗೆ ಅಂಟಿಕೊಂಡಿರುವುದಿಲ್ಲ, ಮುನಿಸಿಕೊಂಡ ಸೊಸೆಯ ಹಾಗೆ ಪಕ್ಕದಲ್ಲಿ ಬೇರೆಯಾಗಿ ನಿಂತಿರುತ್ತದೆ!

ಡೋರ್ನುಮ್‌ನಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಉತ್ತರ ಸಮುದ್ರ. ಆದರೆ ಸಮುದ್ರ ಕಾಣುವುದಿಲ್ಲ! ಮೊದಲು ಕಾಣುವುದು ಎರಡಂತಸ್ತಿನ ಮನೆಯಷ್ಟು ಎತ್ತರದ ಮಣ್ಣಿನ ಏರಿ. ನಮ್ಮ ಕೆರೆ ಏರಿಯೇ ಅನ್ನಿ, ಆದರೆ ಕರಾವಳಿಯ ಉದ್ದಕ್ಕೂ ಹಬ್ಬಿದೆ. ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿಗಳು. ಕುರಿ ಮೇಯಿಸುವುದು ಬರೀ ಉಣ್ಣೆಗಾಗಿ ಅಲ್ಲವಂತೆ. ಅವುಗಳ ಗೊರಸು ಮಣ್ಣನ್ನು ಗಟ್ಟಿಯಾಗಿ ತುಳಿಯುತ್ತದೆ, ಬಾಯಿ ಹುಲ್ಲನ್ನು ಒತ್ತಾಗಿ ಬೆಳೆಯುವಂತೆ ಕತ್ತರಿಸುತ್ತದೆ. ಏರಿ ಕಾಯುವ ಕೆಲಸಗಾರರು ಅವು.

ಏರಿ ಹತ್ತಿ ಆಚೆ ನೋಡಿದರೆ ಮತ್ತೊಂದು ಬೆರಗು. ಸಮುದ್ರವೇ ಇಲ್ಲ, ಕೆಸರು ಬಯಲು! ದಿನಕ್ಕೆ ಎರಡು ಸಲ ಇಳಿತದ ಹೊತ್ತಿನಲ್ಲಿ ನೀರು ಕಿಲೋಮೀಟರುಗಟ್ಟಲೆ ಹಿಂದೆ ಸರಿಯುತ್ತದೆ. ಆಗ ಬಲ್ಲವರೊಬ್ಬರ ಹಿಂದೆ ಬರಿಗಾಲಲ್ಲಿ ನಡೆದೇ ಬಾಲ್ಟ್ರುಮ್ ಎಂಬ ದ್ವೀಪಕ್ಕೆ ಹೋಗುವವರಿದ್ದಾರೆ. ಆರು ಗಂಟೆ ಕಳೆದರೆ ಅದೇ ಜಾಗದಲ್ಲಿ ಅಲೆ. ಈ ಕೆಸರು ಬಯಲನ್ನು 2009ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಏರಿ ಇಲ್ಲದ ಕಾಲದಲ್ಲಿ ಇಲ್ಲಿಯ ಜನ ಮಣ್ಣಿನ ದಿಬ್ಬ ಪೇರಿಸಿ ಅದರ ಮೇಲೆ ಮನೆ ಕಟ್ಟುತ್ತಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ಏರಿ ಕಟ್ಟಲು ತೊಡಗಿದರು. "ಸಮುದ್ರವನ್ನು ದೇವರು ಮಾಡಿದ, ದಡವನ್ನು ಫ್ರಿಸಿಯನ್ನರು ಮಾಡಿದರು" ಎಂಬ ಗಾದೆಯೇ ಇದೆ. ಹಳೆಯ ಕಾನೂನೂ ಅಷ್ಟೇ ಬಿಗಿ. ಜಮೀನಿದ್ದವನು ತನ್ನ ಪಾಲಿನ ಏರಿಯನ್ನು ತಾನೇ ನೋಡಿಕೊಳ್ಳಬೇಕು. ಕೈಲಾಗದಿದ್ದರೆ ಏರಿಯಲ್ಲಿ ತನ್ನ ಸಲಿಕೆ ನೆಟ್ಟು ಹೊರಡಬೇಕು. ಆ ಸಲಿಕೆ ಕಿತ್ತವನಿಗೆ ಏರಿಯ ಹೊಣೆಯೂ ಹೋಯಿತು, ಜಮೀನೂ ಹೋಯಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಲಿಕೆ ನೆಟ್ಟು ಹೋದವನ ಎದೆ ಹೇಗಿದ್ದೀತು, ಯೋಚಿಸಿ.

ಅಷ್ಟು ಮಾಡಿದರೂ ನೀರು ಗೆದ್ದದ್ದುಂಟು. 1717ರ ಕ್ರಿಸ್‌ಮಸ್ ರಾತ್ರಿ ಬಿರುಗಾಳಿಗೆ ಏರಿಗಳು ಒಡೆದವು. ಹಬ್ಬ ಮಾಡಿ ಮಲಗಿದವರ ಮೇಲೆ ಸಮುದ್ರ ಬಂತು. ಉತ್ತರ ಸಮುದ್ರದ ದಂಡೆಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಪೂರ್ವ ಫ್ರಿಸಿಯಾ ಒಂದರಲ್ಲೇ ಎರಡೂವರೆ ಸಾವಿರಕ್ಕಿಂತ ಹೆಚ್ಚು.

ಚುಕ್ಕಿ ಎಣಿಸಿದ ಪಾದ್ರಿ

ಈ ಪುಟ್ಟ ಊರಿನ ಪಾದ್ರಿಯ ಮನೆಗೆ ಕಿಟ್ಟೆಲರಿಗಿಂತ ಮೊದಲೇ ಒಂದು ಕೀರ್ತಿ ಬಂದಿತ್ತು. 1584ರಿಂದ 1603ರವರೆಗೆ ಇಲ್ಲಿ ಡೇವಿಡ್ ಫ್ಯಾಬ್ರೀಷಿಯಸ್ ಎಂಬವರು ಪಾದ್ರಿಯಾಗಿದ್ದರು. ಹಗಲು ಪ್ರಾರ್ಥನೆ, ರಾತ್ರಿ ನಕ್ಷತ್ರ. 1589ರಲ್ಲಿ ಪೂರ್ವ ಫ್ರಿಸಿಯಾದ ಭೂಪಟವನ್ನೂ ಬರೆದವರು. ಗುಡ್ಡವಿಲ್ಲ, ಕಾಡಿಲ್ಲ, ಎತ್ತ ನೋಡಿದರೂ ಆಕಾಶವೇ ಆಕಾಶ! ಅಂಥ ಊರಿನಲ್ಲಿ ಮನುಷ್ಯ ಮೇಲೆ ನೋಡದೆ ಇನ್ನೇನು ಮಾಡಿಯಾನು?

1596ರ ಆಗಸ್ಟ್‌ನಲ್ಲಿ ತಿಮಿಂಗಿಲದ ಆಕಾರದ ನಕ್ಷತ್ರ ಗುಂಪಿನಲ್ಲಿ ಅವರೊಂದು ಚುಕ್ಕಿ ಕಂಡರು. ಕೆಲವು ವಾರಗಳಲ್ಲಿ ಅದು ಮಂಕಾಗಿ ಮಾಯವಾಯಿತು. ಮುಂದೆ 1609ರಲ್ಲಿ ಮತ್ತೆ ಕಾಣಿಸಿತು. ನಕ್ಷತ್ರಗಳು ಬದಲಾಗುವುದೇ ಇಲ್ಲ ಎಂದು ಜಗತ್ತು ನಂಬಿದ್ದ ಕಾಲ ಅದು. ಹೆಚ್ಚುಕಮ್ಮಿ ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮಂಕಾಗುವ ಆ ಚುಕ್ಕಿಗೆ ಆಮೇಲೆ ಮಿರಾ ಎಂದು ಹೆಸರಿಟ್ಟರು. ನಮ್ಮ ಮೀರಾ ಅಲ್ಲ. ಲ್ಯಾಟಿನ್‌ನಲ್ಲಿ ಅಚ್ಚರಿಯವಳು ಎಂದರ್ಥ.

ಅವರ ಮಗ ಯೋಹಾನೆಸ್ 1587ರಲ್ಲಿ ರೆಸ್ಟರ್‌ಹಾಫೆಯಲ್ಲೇ ಹುಟ್ಟಿದವನು. ಹಾಲೆಂಡಿನಲ್ಲಿ ಓದುತ್ತಿದ್ದವನು ಊರಿಗೆ ಬರುವಾಗ ಆಗಷ್ಟೇ ಹೊಸದಾಗಿದ್ದ ದೂರದರ್ಶಕ ತಂದ. ಅಷ್ಟರಲ್ಲಿ ತಂದೆಗೆ ಓಸ್ಟೇಲ್ ಎಂಬ ಹಳ್ಳಿಗೆ ವರ್ಗವಾಗಿತ್ತು. 1611ರ ಮಾರ್ಚ್‌ನಲ್ಲಿ ಅಪ್ಪ ಮಗ ಸೇರಿ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ನೋಡಿದರು. ನೀವು ಮಾತ್ರ ಹೀಗೆ ಮಾಡಬೇಡಿ, ಕಣ್ಣು ಹೋದೀತು! ಅವರೂ ಕಣ್ಣು ಉರಿದ ಮೇಲೆ, ಕತ್ತಲ ಕೋಣೆಗೆ ಸಣ್ಣ ರಂಧ್ರದಿಂದ ಬಿಸಿಲು ಬಿಟ್ಟು, ಸೂರ್ಯನ ಬಿಂಬವನ್ನು ನೋಡಿದರು. ಕಲೆಗಳು ದಿನದಿನಕ್ಕೂ ಸರಿಯುವುದನ್ನು ಕಂಡು, ಸೂರ್ಯನೂ ತನ್ನ ಸುತ್ತ ತಾನು ತಿರುಗುತ್ತಾನೆ ಎಂದು ಯೋಹಾನೆಸ್ ಅದೇ ವರ್ಷ ಪುಸ್ತಕ ಅಚ್ಚು ಹಾಕಿಸಿದ. ಸೂರ್ಯನ ಕಲೆಗಳ ಮೇಲೆ ಅಚ್ಚಾದ ಮೊದಲ ಪುಸ್ತಕ ಅದು. ಆಗ ಅವನಿಗೆ 24 ವರ್ಷ. ಐದೇ ವರ್ಷಕ್ಕೆ, 1616ರಲ್ಲಿ, ತೀರಿಕೊಂಡ.

ಮರುವರ್ಷ ತಂದೆಯ ಸಾವು ಇನ್ನೂ ವಿಚಿತ್ರ. ಬಾತುಕೋಳಿ ಕದ್ದವನು ಯಾರೆಂದು ನನಗೆ ಗೊತ್ತು ಎಂದು ಅವರು ಚರ್ಚಿನಲ್ಲಿ ಎಲ್ಲರೆದುರು ಹೇಳಿದರಂತೆ. ಆ ಸಿಟ್ಟಿಗೆ ಒಬ್ಬ ರೈತ ಸಲಿಕೆಯಿಂದ ಹೊಡೆದು ಕೊಂದ! ಚುಕ್ಕಿಗಳ ಗುಟ್ಟು ಬಯಲು ಮಾಡಿದವರಿಗೆ ಏನೂ ಆಗಲಿಲ್ಲ, ಬಾತುಕೋಳಿಯ ಗುಟ್ಟು ಜೀವಕ್ಕೆ ಮುಳುವಾಯಿತು.

ಪಾದ್ರಿಯ ಮನೆಯ ಇನ್ನೊಬ್ಬ ಹುಡುಗ

ಕಿಟ್ಟೆಲ್ ಹುಟ್ಟಿದಾಗ ಈ ಸೀಮೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಇಂಗ್ಲೆಂಡಿನ ದೊರೆ ನಾಲ್ಕನೆಯ ವಿಲಿಯಮನೇ ಹ್ಯಾನೋವರಿಗೂ ದೊರೆ. ಹುಡುಗ ಆರಿಖ್ ಪಟ್ಟಣದಲ್ಲಿ ಓದಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ, 1853ರಲ್ಲಿ, 21ನೆಯ ವಯಸ್ಸಿಗೆ, ನಮ್ಮ ನಾಡಿಗೆ ಬಂದ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ತಿರುಗಿದ. ಬಂದದ್ದು ಧರ್ಮ ಸಾರಲು. ಕೈಹಿಡಿದು ನಿಲ್ಲಿಸಿಕೊಂಡದ್ದು ಕನ್ನಡ.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಹೊರತಂದರು. ಮೊದಲ ಹೆಂಡತಿ ಪೌಲೀನ್ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನೇ ಮದುವೆಯಾದರು. 1877ರಲ್ಲಿ ಜರ್ಮನಿಗೆ ಮರಳಿದವರು ಕೋಶದ ಕೆಲಸಕ್ಕೆಂದೇ 1883ರಲ್ಲಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಹಳೆಯ ಕಾವ್ಯದ ಪದಗಳಷ್ಟೇ ಅಲ್ಲ, ಆಡುಮಾತು, ಗಾದೆ ಎಲ್ಲಕ್ಕೂ ಅಲ್ಲಿ ಜಾಗ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣದ ಪುಸ್ತಕ ಬಂತು. ಅದೇ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲೇ ತೀರಿಕೊಂಡರು.

ಕಲ್ಲುಸಕ್ಕರೆಯ ಚಹಾ

ಡೋರ್ನುಮ್‌ನಲ್ಲಿ ಒಂದು ಚಹಾದ ಅಂಗಡಿಯಲ್ಲಿ ಕೂತೆವು. ಈ ಜನ ಹೊತ್ತು ಯಾವುದೇ ಇರಲಿ, ಬೆಳಿಗ್ಗೆಯೋ ರಾತ್ರಿಯೋ, ನಮಸ್ಕಾರಕ್ಕೆ "ಮೊಯ್ನ್" ಅನ್ನುತ್ತಾರೆ. ಒಂದೇ ಮಾತು, ಮುಗಿಯಿತು! ಚಹಾ ವಿಷಯದಲ್ಲಿ ಮಾತ್ರ ಇಷ್ಟು ಚುಟುಕಲ್ಲ. ಇವರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಪುಡಿ ಹೆಚ್ಚಾಗಿ ನಮ್ಮ ಅಸ್ಸಾಮಿನದು. ಮಾಡುವ ಕ್ರಮ ಬರೆದುಕೊಳ್ಳಿ:

ಪಿಂಗಾಣಿ ಕುಡಿಕೆಯನ್ನು ಬಿಸಿನೀರಿನಲ್ಲಿ ತೊಳೆದು, ತಲೆಗೊಂದು ಚಮಚ, ಕುಡಿಕೆಗೊಂದು ಚಮಚ ಚಹಾಪುಡಿ ಹಾಕಿ. ಕುದಿಯುವ ನೀರನ್ನು ಅರ್ಧ ಮಾತ್ರ ಸುರಿದು, ಮೂರು ನಾಲ್ಕು ನಿಮಿಷ ಮುಚ್ಚಿಡಿ. ಆಮೇಲೆ ಉಳಿದ ನೀರು ತುಂಬಿ. ಬಟ್ಟಲಿಗೆ ಒಂದು ದೊಡ್ಡ ಹರಳು ಕಲ್ಲುಸಕ್ಕರೆ ಹಾಕಿ, ಮೇಲೆ ಸುಡು ಸುಡು ಚಹಾ ಸೋಸಿ. ಹರಳು ಚಟ್ ಚಟ್ ಎಂದು ಸಿಡಿಯುವುದನ್ನು ಕೇಳಬೇಕು. ಕೊನೆಗೆ ಹಾಲಿನ ಕೆನೆಯನ್ನು ಸಣ್ಣ ಸೌಟಿನಿಂದ ಬಟ್ಟಲಿನ ಅಂಚಿಗೆ ಮೆಲ್ಲಗೆ ಇಳಿಬಿಡಿ. ಅದು ಕೆಳಗಿಳಿದು ಮೋಡದಂತೆ ಮೇಲೇಳುತ್ತದೆ. ಕಲಕಕೂಡದು! ಮೊದಲು ಕೆನೆಯ ತಂಪು, ಆಮೇಲೆ ಚಹಾದ ಒಗರು, ಕೊನೆಗೆ ಸಿಹಿ.

ನಾನು ಅಭ್ಯಾಸಬಲದಿಂದ ಚಮಚ ಹಾಕಿ ಗರಗರ ಕಲಕಿಬಿಟ್ಟೆ. ಪಕ್ಕದ ಮೇಜಿನ ಅಜ್ಜಿ, ಎಂಬತ್ತು ದಾಟಿದವರು, ಅಯ್ಯೋ ಎನ್ನುವಂತೆ ಕೈಯೆತ್ತಿದರು. ಆಮೇಲೆ ತಾವೇ ಎದ್ದುಬಂದು ಎರಡನೆಯ ಬಟ್ಟಲು ಸರಿಯಾಗಿ ಮಾಡಿಕೊಟ್ಟರು. ಮೂರು ಬಟ್ಟಲು ಕುಡಿಯಲೇಬೇಕು, ಸಾಕಾದರೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಎಲ್ಲವನ್ನೂ ಕೈಸನ್ನೆಯಲ್ಲಿ ಕಲಿಸಿದರು. ನಾನೇಕೆ ಬಂದೆನೆಂದು ಕೇಳಿದರು. ಮಗಳು ಅನುವಾದಿಸಿ ಹೇಳಿದಳು. ಆಗಲೇ ಅವಳಿಗೂ ಪೂರ್ತಿ ಗೊತ್ತಾದದ್ದು.

ಸಂಗತಿ ಇಷ್ಟೇ. ನಮ್ಮ ತಂದೆ ಕನ್ನಡ ಶಾಲೆಯ ಮಾಸ್ತರರು. ಧಾರವಾಡದಲ್ಲಿ ಹಳೆಯ ಕಿಟ್ಟೆಲ್ ಕೋಶವೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. "ಈ ದುಡ್ಡಿಗೆ ಎರಡು ಸೀರೆ ಬರುತ್ತಿದ್ದವು" ಅಂತ ಅವ್ವ ಆಡಿಕೊಳ್ಳುತ್ತಿದ್ದಳು. ಅವ್ವನಿಗೆ ಓದು ಬಾರದು. ಆದರೆ ಆಕೆ ಅಡುಗೆಮನೆಯಲ್ಲಿ ಆಡಿದ ಮಾತನ್ನೆಲ್ಲ ಅಪ್ಪ ಕೋಶದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಹಗೇವು ಎಂಬ ಪದದ ಪಕ್ಕದಲ್ಲಿ ಬರೆದದ್ದು ನನಗಿನ್ನೂ ನೆನಪಿದೆ: "ಹಗೇವು ತೆಗೆದ ಜೋಳದ ವಾಸನೆ ಬ್ಯಾರೇನ ಅಂತಾಳ." ಹೀಗೆ ನಲವತ್ತು ವರ್ಷ. ಅವ್ವ ಹೋದ ಮೇಲೆ ಅಪ್ಪ ಆ ಪುಟಗಳನ್ನು ತಿರುವುತ್ತ ಕೂಡುತ್ತಿದ್ದರು.

2009ರ ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕದ ಹೊಳೆಗಳೆಲ್ಲ ಉಕ್ಕಿದ್ದು ನಿಮಗೆ ನೆನಪಿದ್ದೀತು. ನಾನು ತವರಿನಲ್ಲಿದ್ದೆ. ರಾತ್ರಿ ನೀರು ಹೊಸ್ತಿಲು ದಾಟಿತು. ಅಪ್ಪನನ್ನು ಎಬ್ಬಿಸಿಕೊಂಡು, ಸಿಕ್ಕದ್ದನ್ನು ಎತ್ತಿಕೊಂಡು ಓಡಿದೆ. ಎತ್ತಿಕೊಂಡದ್ದು ಏನು ಗೊತ್ತೇ? ರೇಷ್ಮೆ ಸೀರೆಯ ಟ್ರಂಕು. ಗುಡಿಯ ಜಗಲಿಗೆ ಬಂದ ಮೇಲೆ ಅಪ್ಪ ಒಂದೇ ಮಾತು ಕೇಳಿದರು: "ಕೋಶ ತಂದೆಯೇನವ್ವ?"

ಮೂರು ದಿನದ ಮೇಲೆ ಹೋದಾಗ ಅದು ಕೆಸರಿನ ಮುದ್ದೆಯಾಗಿತ್ತು. ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಅವರೂ ಹೋದರು. ಕೋಶ ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ಕೊಂಡಿದ್ದೇನೆ. ಆದರೆ ಅದರ ಅಂಚು ಖಾಲಿ.

ಇದನ್ನು ಕೇಳಿ ಆ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳ ಕಡೆ ನೋಡಿ ಏನೋ ಅಂದರು. "ನೀರು ಬಂದಾಗ ಯಾರೂ ಸರಿಯಾದದ್ದನ್ನು ಎತ್ತಿಕೊಳ್ಳುವುದಿಲ್ಲ ಅಂತಿದಾರಮ್ಮ" ಎಂದಳು ಮಗಳು. ಸಾವಿರ ವರ್ಷ ನೀರಿನ ಜೊತೆ ಬಾಳಿದ ಊರಿನವರ ಮಾತು. ನನಗೆ ಅಷ್ಟು ಸಾಕಾಯಿತು. ಮೂರನೆಯ ಬಟ್ಟಲು ಮುಗಿಸಿ ಚಮಚವನ್ನು ಒಳಗಿಟ್ಟೆ.

ಸಂಜೆ ಮತ್ತೆ ರೆಸ್ಟರ್‌ಹಾಫೆಯ ಚರ್ಚಿನ ಬಳಿ ನಡೆದು ಹೋದೆವು. ರಾತ್ರಿ ಒಂಬತ್ತೂವರೆಯಾದರೂ ಬಿಸಿಲು! ಅಳಿಯಂದಿರು ಹೇಳಿದ್ದು ನಿಜವೇ: ಒಂದು ಚರ್ಚು, ನಾಲ್ಕು ಮನೆ, ಹಸು. ಹಾದಿಯಲ್ಲಿ ಮಗಳು ಕೇಳಿದಳು, "ಹಗೇವು ಅಂದರೇನಮ್ಮ?" ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ ಮುಚ್ಚಿಡುವುದು ಎಂದು ಹೇಳುತ್ತ ಹೇಳುತ್ತ ಬಸ್ಸಿನ ನಿಲ್ದಾಣ ಬಂತು.

ಊರಿಗೆ ಮರಳಿದ ಮೇಲೆ ಒಂದು ನೂರು ಹಾಳೆಯ ನೋಟ್‌ಬುಕ್ ತಂದಿದ್ದೇನೆ. ಅವ್ವ ಹೇಳುತ್ತಿದ್ದ ಮಾತು ನೆನಪಾದ ಹಾಗೆಲ್ಲ ಬರೆದಿಡುತ್ತಿದ್ದೇನೆ. ಇವತ್ತಿಗೆ ಅರವತ್ತೆರಡು ಆಗಿವೆ. ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿಯೋ ಅತ್ತೆಯೋ ಇದ್ದಾರಲ್ಲವೇ? ಒಲೆಯ ಮುಂದೆ ಅವರಾಡುವ ಮಾತು ಕಿವಿಗೆ ಬಿದ್ದಾಗ ಹಾಲಿನ ಲೆಕ್ಕದ ಪುಸ್ತಕದ ಹಿಂದಾದರೂ ಬರೆದಿಡಿ. ಬರೆದ ಪುಸ್ತಕವನ್ನು ಮಾತ್ರ ಮೇಲಿನ ಕಪಾಟಿನಲ್ಲಿ, ಕೈಗೆ ಸಿಗುವ ಹಾಗೆ ಇಡಿ.