ಬಳೆ ಹೆಚ್ಚಿತು

ನಮ್ಮ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು.

ನೀರು ಸೇದುವಾಗ ಬಾವಿಕಟ್ಟೆಗೆ ಕೈ ತಗುಲಿ ಫಳ್ ಎಂದರೆ ಅಜ್ಜಿ ತಕ್ಷಣ 'ಬಳೆ ಹೆಚ್ಚಿತು' ಎನ್ನುತ್ತಿದ್ದರು. ನಾನು ಮರೆತು 'ಒಡೀತು' ಅಂದರೆ ತಲೆಗೊಂದು ಮೊಟಕು. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಳೆಯ ಮಾತೂ ಅದೇ ಸಾಲಿನದು. ಮುಂದೆ ಭಾಷಾಶಾಸ್ತ್ರದ ಎಂ.ಎ. ತರಗತಿಯಲ್ಲಿ ಇದಕ್ಕೆ ಸೌಮ್ಯೋಕ್ತಿ ಎಂಬ ಹೆಸರಿದೆ ಎಂದು ಕಲಿತೆ. ಪುಣೆಗೆ ಬಂದ ಹೊಸದರಲ್ಲಿ ಕೆಳಗಿನ ಮನೆಯ ಕಾಕೂ ಪಾತ್ರೆ ತೊಳೆಯುತ್ತಾ 'ಬಾಂಗಡೀ ವಾಢಲೀ' ಅಂದದ್ದು ಕೇಳಿ ನಿಂತುಬಿಟ್ಟೆ. ಮರಾಠಿಯ 'ವಾಢಣೆ' ಅಂದರೂ ಹೆಚ್ಚುವುದೇ. ಅರಸೀಕೆರೆಯ ನಮ್ಮಜ್ಜಿ ಪುಣೆಯಲ್ಲಿ ಬೇರೆ ಭಾಷೆಯಲ್ಲಿ ಮಾತಾಡಿದ ಹಾಗಾಯಿತು.

ಹೆಚ್ಚಿದ ಬಳೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಚೂರುಗಳು ನಮ್ಮ ಪಾಲು. ಅವುಗಳಿಂದ ಆಟ ಆಡುತ್ತಿದ್ದೆವು, ದೀಪದ ಕುಡಿಗೆ ಹಿಡಿದು ಬಗ್ಗಿಸಿ ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದೆವು. ಬೆರಳು ಸುಟ್ಟುಕೊಂಡದ್ದನ್ನು ಹೇಳುವಂತಿರಲಿಲ್ಲ.

ಅನುವಾದ ನನ್ನ ಹೊಟ್ಟೆಪಾಡು. ವಿಮೆ ಪಾಲಿಸಿಗಳು, ಆ್ಯಪ್‌ಗಳ ಸೂಚನೆಗಳು, ಔಷಧಿಯ ಜೊತೆ ಬರುವ ಚೀಟಿಗಳು. ದಿನವಿಡೀ ಪರದೆ ನೋಡಿ ಕಣ್ಣು ಸೋತಾಗ, ಕೈಗೆ ಏನಾದರೂ ಕೆಲಸ ಬೇಕೆನಿಸಿ, ಶನಿವಾರದ ಗಾಜಿನ ಮೊಸಾಯಿಕ್ ತರಗತಿಗೆ ಸೇರಿಕೊಂಡೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಮೊಸಾಯಿಕ್ಕಾ? ನೆಲ ಹಾಕೋದು ಕಲೀತೀಯಾ?" ಅಂದಳು. ನಮ್ಮ ಕಡೆ ಮೊಸಾಯಿಕ್ ಎಂದರೆ ನೆಲವೇ ತಾನೆ. ಸಿಮೆಂಟಿನಲ್ಲಿ ಕಲ್ಲಿನ ಚೂರು ಬೆರೆಸಿ, ಮಷೀನು ಓಡಿಸಿ, ಮನೆಯೆಲ್ಲ ಬಿಳಿ ಕೆಸರು ಮಾಡಿ ಪಾಲಿಶ್ ಹೊಡೆಯುವ ನೆಲ.

ಮೊದಲ ದಿನ ಟೀಚರ್ ಇಟಲಿಯ ರವೆನ್ನಾ ಊರಿನ ಸಾನ್ ವಿತಾಲೆ ಚರ್ಚಿನ ಚಿತ್ರ ತೋರಿಸಿದರು. ಆರನೆಯ ಶತಮಾನದ ಕೆಲಸ. ಗಾಜಿನ ತುಣುಕುಗಳನ್ನು ಒಂದೇ ಮಟ್ಟದಲ್ಲಿ ಕೂರಿಸದೆ ಸ್ವಲ್ಪ ಸ್ವಲ್ಪ ಓರೆಯಾಗಿಟ್ಟಿದ್ದಾರೆ, ನೋಡುವವರು ನಡೆದಂತೆ ಬೆಳಕೂ ನಡೆಯುತ್ತದೆ. ಅಲ್ಲಿನ ಬಂಗಾರದ ತುಣುಕುಗಳಲ್ಲಿ ತೆಳುವಾದ ಚಿನ್ನದ ಹಾಳೆ ಎರಡು ಪದರ ಗಾಜಿನ ನಡುವೆ ಇರುತ್ತದೆ, ಅದಕ್ಕೇ ಇಷ್ಟು ಶತಮಾನ ಉಳಿದಿದೆ. ಆಮೇಲೆ ಉದಯಪುರದ ಅರಮನೆಯ ಮೋರ್ ಚೌಕದ ನವಿಲುಗಳನ್ನು ತೋರಿಸಿದರು. ನಾನು ಮಾಡಿದ್ದು ಒಂದು ಟೀ ಕೋಸ್ಟರು. ಗಾಜಿನ ತುಣುಕುಗಳನ್ನು ಒತ್ತೊತ್ತಾಗಿ, ಸಂದಿಯೇ ಇಲ್ಲದಂತೆ ಅಂಟಿಸಿದ್ದೆ. "ಸಂದಿ ಬಿಡದಿದ್ದರೆ ಗ್ರೌಟ್ ಎಲ್ಲಿ ಕೂರುತ್ತೆ? ಹಿಡಿದುಕೊಳ್ಳೋದು ಅದೇ," ಎಂದು ಬಿಚ್ಚಿಸಿದರು.

ಇನ್ನು ಡಬ್ಬಿಯ ವಿಷಯ.

ಅಪ್ಪ ತೀರಿಕೊಂಡದ್ದು 2019ರಲ್ಲಿ. ಹನ್ನೊಂದನೆಯ ದಿನ ಹಿತ್ತಲಲ್ಲಿ ಅಮ್ಮನನ್ನು ಕೂರಿಸಿ ದೊಡ್ಡಮ್ಮ, ಇನ್ನಿಬ್ಬರು ಹೆಂಗಸರು ಸುತ್ತ ನಿಂತಿದ್ದರು. ಹಿಂದಿನ ಸಂಜೆ ಅಮ್ಮನ ಕೈತುಂಬ ಹಸಿರು ಬಳೆ ತೊಡಿಸಿದ್ದರು, ಮಾರನೆಯ ದಿನ ಒಡೆಯುವುದಕ್ಕೆಂದೇ. ದೊಡ್ಡಮ್ಮ ಕೈ ಹಿಡಿಯಲು ಬಂದಾಗ ಅಮ್ಮ, "ಯಾರೂ ಮುಟ್ಟಬೇಡಿ, ನಾನೇ ತೆಗೀತೀನಿ," ಅಂದಳು. ಸೋಪಿನ ನೀರು ತರಿಸಿಕೊಂಡು ಒಂದೊಂದಾಗಿ ಬಿಚ್ಚಿದಳು. ಹದಿನೆಂಟು ಬಳೆ. ಒಂದೂ ಒಡೆಯಲಿಲ್ಲ. ಸೆರಗಿನಲ್ಲಿ ಒರೆಸಿ ಬೋರ್ನ್‌ವಿಟಾ ಡಬ್ಬಿಗೆ ಹಾಕಿಟ್ಟಳು. ದೊಡ್ಡಮ್ಮ ಆಮೇಲೆ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ.

2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಊರಿನ ಗ್ರಾಮಸಭೆ, ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಒರೆಸುವುದು ಇನ್ನು ಮುಂದೆ ಇಲ್ಲ ಎಂದು ನಿರ್ಣಯ ಮಾಡಿತು. ನಮ್ಮ ಗಡಿಗೆ ಹತ್ತಿರದ ಊರು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಊರುಗಳೂ ಹಾಗೆ ಮಾಡಲಿ ಎಂದು ಸುತ್ತೋಲೆ ಹೊರಡಿಸಿತು. ಮರಾಠಿ ಪತ್ರಿಕೆಗಳಲ್ಲಿ ಆ ಸುದ್ದಿ ಓದುವಾಗ ಕಣ್ಣಿಗೆ ಬಿದ್ದದ್ದು ಕ್ರಿಯಾಪದ. ಅಲ್ಲಿ ಬಳೆ 'ವಾಢಣೆ' ಇಲ್ಲ, 'ಫೋಡಣೆ' ಇದೆ, ಅಂದರೆ ಒಡೆಯುವುದು. ತಾನಾಗಿ ಹೋದ ಬಳೆ ಹೆಚ್ಚುತ್ತದೆ, ಬೇಕೆಂದು ಹಾಳುಮಾಡಿದ ಬಳೆ ಒಡೆಯುತ್ತದೆ. ಅಜ್ಜಿಯ ಮೊಟಕು ಯಾಕೆ ಅಷ್ಟು ಜೋರಾಗಿರುತ್ತಿತ್ತು ಎಂದು ಆಗ ಅರ್ಥವಾಯಿತು. 'ಒಡೆ' ಎಂಬ ಪದ ಆ ಹಿತ್ತಲಿಗೆ ಸೇರಿದ್ದು, ಅದನ್ನು ಅಡುಗೆಮನೆಗೆ ತರಬಾರದು.

ಕಳೆದ ವರ್ಷ ಕೆಲಸದ ಮೇಲೆ ಚಂಡೀಗಢಕ್ಕೆ ಹೋದಾಗ ರಾಕ್ ಗಾರ್ಡನ್ ನೋಡಿದೆ. ಅದನ್ನು ಕಟ್ಟಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಹುಟ್ಟೂರು ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿತು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷವನ್ನು ಸೈಕಲ್ಲಿನಲ್ಲಿ ಹೊತ್ತು ತಂದು, ಸರ್ಕಾರಿ ಕಾಡಿನಲ್ಲಿ ವರ್ಷಗಟ್ಟಲೆ ಕದ್ದುಮುಚ್ಚಿ ಕೆಲಸ ಮಾಡಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಸಾಲಾಗಿ ನಿಂತ ಹೆಂಗಸರ ಗೊಂಬೆಗಳ ಮೈಯೆಲ್ಲ ಒಡೆದ ಗಾಜಿನ ಬಳೆ. ಕೆಂಪು, ನೀಲಿ, ಹಸಿರು. ಬಿಸಿಲಿಗೆ ಮಿಂಚುತ್ತಿದ್ದವು. ನನಗೆ ಡಬ್ಬಿ ನೆನಪಾಯಿತು.

ನೆನಪಾದದ್ದೇನೋ ಸರಿ, ಕೇಳುವುದು ಹೇಗೆ? ಮೂರು ಜನ ಹೆಂಗಸರ ಎದುರು ಒಡೆಯಲು ಬಿಡದೆ ಉಳಿಸಿಕೊಂಡ ಬಳೆಗಳನ್ನು, ಮಗಳು ಕತ್ತರಿಸುತ್ತೇನೆ ಅನ್ನುವುದು. ಎರಡು ತಿಂಗಳು ಮಾತೆತ್ತಲಿಲ್ಲ. ಎತ್ತಿದ ದಿನ ಅಮ್ಮ, "ನೋಡೋಣ," ಎಂದು ಫೋನಿಟ್ಟಳು. ತಪ್ಪು ಮಾಡಿದೆ ಅನ್ನಿಸಿತು. ಹದಿನೈದು ದಿನ ಬಿಟ್ಟು ಅವಳೇ ಕೇಳಿದಳು. "ಏನ್ ಚಿತ್ರ ಮಾಡ್ತೀಯಾ?"

"ಅಪ್ಪನ್ದು?"

"ಬೇಡ. ಆ ಮುಖ ಗಾಜಲ್ಲಿ ಬರಲ್ಲ. ಬಚ್ಚಲುನೀರಿನ ತೆಂಗಿನಮರ ಮಾಡು."

ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆ ಅಪ್ಪ ನೆಟ್ಟ ಮರವದು. ಸ್ನಾನ ಆದ ಮೇಲೆ ಗುದ್ದಲಿ ಹಿಡಿದು ಕಾಲುವೆ ಸರಿಮಾಡಿ, ನೀರು ಬುಡ ಮುಟ್ಟುವವರೆಗೆ ಟವೆಲ್ಲಿನಲ್ಲೇ ನಿಂತಿರುತ್ತಿದ್ದರು. ಬಸ್ಸು ತಪ್ಪುತ್ತೆ ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ನನಗೆ ಬೇರೆ ಕಾರಣಕ್ಕೆ ಖುಷಿಯಾಯಿತು. ಬಳೆಯ ತುಂಡಿನ ಬಾಗು ತೆಂಗಿನ ಗರಿಯ ಬಾಗೇ.

ಅಮ್ಮ ಪುಣೆಗೆ ಬಂದಳು, ಡಬ್ಬಿಯ ಜೊತೆ. ಹನ್ನೆರಡು ಬಳೆ ಎಣಿಸಿ ಕೊಟ್ಟಳು. ಆರು ಡಬ್ಬಿಯಲ್ಲೇ ಉಳಿದವು. ಒಂದನ್ನು ಬೆಳಕಿಗೆ ಹಿಡಿದು ಬೆಸುಗೆಯ ಜಾಗ ತೋರಿಸಿದೆ. ಫಿರೋಜಾಬಾದಿನಲ್ಲಿ ಬಳೆ ಮಾಡುವಾಗ ಕರಗಿದ ಗಾಜನ್ನು ಮೊದಲು ಸುರುಳಿಯಾಗಿ ಸುತ್ತುತ್ತಾರೆ, ಸುರುಳಿಯನ್ನು ಕತ್ತರಿಸಿ ಬಾಯಿ ಬಿಟ್ಟ ಉಂಗುರಗಳನ್ನಾಗಿ ಮಾಡುತ್ತಾರೆ, ಆಮೇಲೆ ಮನೆಗಳಲ್ಲಿ ಕೂತು ಒಂದೊಂದನ್ನೂ ಉರಿಗೆ ಹಿಡಿದು ತುದಿ ಕೂಡಿಸುತ್ತಾರೆ. "ಅಂದ್ರೆ ಒಂದ್ಸಲ ಕತ್ತರಿಸಿದ್ದೇ ಅನ್ನು," ಎಂದಳು ಅಮ್ಮ.

ನಿಪ್ಪರ್ ನೋಡಿ, "ಇದು ನಮ್ಮ ಅಡಕತ್ತರಿ ಇದ್ದಂಗಿದೆ, ಕೊಡಿಲ್ಲಿ," ಎಂದು ಕೈಗೆ ತಗೊಂಡಳು. ಕನ್ನಡಕದ ಮೇಲೆ ನನ್ನ ದೊಡ್ಡ ಗಾಗಲ್ ಹಾಕಿಸಿದೆ. ಮೊದಲ ಬಳೆಯನ್ನು ಹಿಡಿದು ಬಹಳ ಹೊತ್ತು ಕೂತಳು. ನಾನು ನೋಡಬಾರದೆಂದು ಪ್ಲೈವುಡ್ಡಿನ ಮೇಲೆ ಪೆನ್ಸಿಲ್ ಗೆರೆ ತಿದ್ದುತ್ತಿದ್ದೆ. ಫಳ್ ಎಂದಿತು. ಒಂದು ಚೂರು ಹಾರಿ ಬೀರುವಿಗೆ ಬಡಿಯಿತು. "ಅಯ್ಯೋ, ಹೆಚ್ಚಿತು ನೋಡು," ಅಂದಳು, ಬಾಯಿಗೆ ಬಂದ ಅಭ್ಯಾಸದ ಮಾತು. ಆಮೇಲೆ ತಾನಂದದ್ದು ತನಗೇ ಕೇಳಿ ನಕ್ಕಳು. ಕಣ್ಣು ಒರೆಸಲು ಗಾಗಲ್ ಅಡ್ಡ ಬಂತು.

ತರಕಾರಿ ಹೆಚ್ಚುವುದಕ್ಕೂ ಬೆಲೆ ಹೆಚ್ಚುವುದಕ್ಕೂ ಕನ್ನಡದಲ್ಲಿ ಕೇಳಲು ಒಂದೇ ಪದ. ಅಷ್ಟು ವರ್ಷ ಭಾಷೆ ಓದಿದ ನಾನು ಅದನ್ನು ಗಮನಿಸಿದ್ದು ಆ ಮಧ್ಯಾಹ್ನ.

ಕೆಲಸ ಸಲೀಸಾಗಿ ಆಗಲಿಲ್ಲ. ಬಳೆಯ ಚೂರು ದುಂಡಗಿರುತ್ತದೆ, ಹಲಗೆಯ ಮೇಲೆ ಉರುಳುತ್ತದೆ. ಒಂದೊಂದನ್ನೂ ಫೆವಿಕಾಲಿನಲ್ಲಿ ಕೂರಿಸಿ, ಹಿಡಿಯುವ ತನಕ ಕಾಯಬೇಕು. ಗ್ರೌಟ್ ತುಂಬಿದಾಗ ಅರ್ಧ ಗರಿಗಳು ಮುಳುಗಿಹೋದವು. ಟೂತ್‌ಪಿಕ್ಕಿನಲ್ಲಿ ಕೆರೆದು ಕೆರೆದು ಮೇಲೆತ್ತಿದೆವು. ಸ್ಪಂಜಿನಲ್ಲಿ ಒರೆಸುವಾಗ ಬಳೆಯ ಮೇಲಿದ್ದ ಬಂಗಾರದ ಚುಕ್ಕಿಗಳು ಬೂದು ನೀರಿನ ಜೊತೆ ಹೊರಟುಹೋದವು. ನಮ್ಮದು ರವೆನ್ನಾದ ಬಂಗಾರವಲ್ಲ, ಮೇಲೆ ಬಳಿದದ್ದು. ನನಗೆ ಸಂಕಟವಾಯಿತು. ಅಮ್ಮ ಮಾತ್ರ, "ಹೋಗ್ಲಿ ಬಿಡು, ತೆಂಗಿನಗರಿಗೆ ಯಾಕೆ ಬಂಗಾರ," ಅಂದಳು. ಅವಳಿಗೆ ಸಮಾಧಾನವಾಗದಿದ್ದದ್ದು ಸಂದಿಗಳು. ಇಷ್ಟೊಂದು ಸಂದಿ ಯಾಕೆ, ಒತ್ತಾಗಿ ಇಡಬಾರದಿತ್ತೇ ಎಂದು ಕೊನೆಯವರೆಗೂ ಕೇಳುತ್ತಿದ್ದಳು. ಟೀಚರ್ ಹೇಳಿದ್ದನ್ನೇ ನಾನೂ ಹೇಳಿದೆ. ಒಪ್ಪಲಿಲ್ಲ.

ನೆನಪುಗಳನ್ನು ಹಾಗೇ ಇಡೀ ಉಳಿಸಿಕೊಳ್ಳುವುದೇ ಪ್ರೀತಿ ಎಂದು ನಾನು ತಿಳಿದಿದ್ದೆ. ಅಮ್ಮನ ಡಬ್ಬಿ ಹಾಗೆಯೇ ಇತ್ತು, ಇಡಿಯಾಗಿ, ಕಪಾಟಿನ ಹಿಂಬದಿಯಲ್ಲಿ, ಯಾರೂ ನೋಡದಂತೆ. ಅಂದು ಅವಳು ಬೇಡವೆಂದದ್ದು ಗಾಜು ಒಡೆಯುವುದನ್ನಲ್ಲ, ಇನ್ನೊಬ್ಬರು ತನ್ನ ಕೈ ಹಿಡಿದು ಒಡೆಯುವುದನ್ನು. ಅದು ನನಗೆ ಗೊತ್ತಾಗಲು ಅವಳ ಕೈಗೆ ನಿಪ್ಪರ್ ಬರಬೇಕಾಯಿತು.

ಚಿತ್ರ ಈಗ ಅರಸೀಕೆರೆಯ ಮನೆಯಲ್ಲಿದೆ. ನಡುಮನೆಯಲ್ಲಲ್ಲ, ಬಚ್ಚಲಿಗೆ ಹೋಗುವ ಓಣಿಯ ಗೋಡೆಯಲ್ಲಿ, ಹಿತ್ತಲ ಬಾಗಿಲಿನ ಬೆಳಕು ಬೀಳುವ ಕಡೆ. ಹೋದ ತಿಂಗಳು ದೊಡ್ಡಮ್ಮ ಬಂದಿದ್ದರಂತೆ. ಹತ್ತಿರ ಹೋಗಿ, ಬೆರಳಲ್ಲಿ ಮುಟ್ಟಿ, ಯಾವ ಬಳೆ ಎಂದು ಗುರುತು ಹಿಡಿದರಂತೆ. ಏನೂ ಅನ್ನಲಿಲ್ಲ. ಕಾಫಿ ಕುಡಿದು ಹೊರಡುವಾಗ ಮತ್ತೆ ಅಲ್ಲಿ ನಿಂತು, "ಎಲ್ಲ ಸರಿ, ಮರದಲ್ಲಿ ಕಾಯೇ ಇಲ್ವಲ್ಲೇ?" ಅಂದರಂತೆ.

ಆ ರಾತ್ರಿ ಅಮ್ಮನ ಫೋನು. "ಮುಂದಿನ ಸಲ ಬರೋವಾಗ ಆ ಅಡಕತ್ತರಿ ತಗೊಂಡ್ ಬಾ. ಆರು ಬಳೆ ಉಳಿದಿದಾವಲ್ಲ."