ಮಣ್ಣಿನಲ್ಲಿ ನಿಂತ ನಾದ

ತರ್ಕಶಾಸ್ತ್ರವನ್ನು ಓದಿದವರಿಗೆ ಘಟವು ಹಳೆಯ ಪರಿಚಿತ. ಯಾವ ಕಾರ್ಯಕ್ಕೆ ಕಾರಣವನ್ನು ಹೇಳಹೊರಟರೂ ಕುಲಾಲ, ದಂಡ, ಚಕ್ರಗಳು ಮುಂದೆ ಬಂದು ನಿಲ್ಲುವುವು. ಅದೇ ಶಾಸ್ತ್ರವು ಶಬ್ದವನ್ನು ಆಕಾಶದ ಗುಣವೆಂದೂ ಕ್ಷಣಿಕವೆಂದೂ ಹೇಳುತ್ತದೆ. ಆ ಕ್ಷಣಿಕವಾದ ಶಬ್ದವೇ ಈಗ ಘಟಕ್ಕೆ ನಿಮಿತ್ತಕಾರಣವಾಗಿರುವುದನ್ನು ಕಂಡಿದ್ದರೆ ನಮ್ಮ ತಾರ್ಕಿಕರು ಏನೆನ್ನುತ್ತಿದ್ದರೋ!

ನಾದಕ್ಕೆ ಆಕಾರವುಂಟೆಂಬುದು ಹೊಸ ಮಾತಲ್ಲ. ಮರಳು ಉದುರಿಸಿದ ತಗಡಿನ ಅಂಚನ್ನು ಪಿಟೀಲಿನ ಕಮಾನಿನಿಂದ ತೀಡಿದರೆ ಮರಳು ರಂಗೋಲಿಯಂತೆ ಗೆರೆಗಟ್ಟುವುದನ್ನು ಜರ್ಮನಿಯ ಕ್ಲಾಡ್ನಿ ಎಂಬ ಪಂಡಿತನು 1787ರ ತನ್ನ ಗ್ರಂಥದಲ್ಲಿ ತೋರಿಸಿದನು. ತಗಡನ್ನು ಕದಲಿಸಿದರೆ ಆ ರಂಗೋಲಿ ಹೋಯಿತು. ಹಾಲೆಂಡಿನ ಓಲಿವಿಯರ್ ವಾನ್ ಹೆರ್ಪ್ಟ್ ಎಂಬವರು ರಿಕಿ ವಾನ್ ಬ್ರೂಕ್‌ಹೋವೆನ್ ಅವರೊಡಗೂಡಿ 2015ರ ಸುಮಾರಿಗೆ ನಾದದ ಗೆರೆಯನ್ನು ಜೇಡಿಮಣ್ಣಿನಲ್ಲಿ ನಿಲ್ಲಿಸಿದರು. ಅವರ ಯಂತ್ರದ ಬಗೆ ನಮ್ಮ ಗೃಹಿಣಿಯರಿಗೆ ಸುಲಭವಾಗಿ ತಿಳಿಯತಕ್ಕದ್ದು. ಚಕ್ಕುಲಿಯ ಒರಳಿನಿಂದ ಹಿಟ್ಟು ಇಳಿಯುವಂತೆ ಸಣ್ಣ ಮೂತಿಯಿಂದ ಮಣ್ಣಿನ ಎಳೆ ಇಳಿಯುತ್ತದೆ. ಗಣಕಯಂತ್ರದ ಆಜ್ಞೆಯಂತೆ ಸುತ್ತಿನ ಮೇಲೆ ಸುತ್ತು ಕುಳಿತು ಪಾತ್ರೆಯ ಗೋಡೆ ಏಳುತ್ತದೆ. ಪೀಠದ ಕೆಳಗೆ ಧ್ವನಿವರ್ಧಕವನ್ನಿಟ್ಟು ತಗ್ಗಿನ ನಾದವನ್ನು ಹೊರಡಿಸಿದರೆ ಪೀಠವು ನಡುಗಿ, ಎಳೆಯು ಅಲೆಯಲೆಯಾಗಿ ಬೀಳುತ್ತದೆ. ಮುಗಿದ ಪಾತ್ರೆಗೆ ನೇಯ್ದ ಬಟ್ಟೆಯ ಮೈ!

ಇಲ್ಲೊಂದು ಸೂಕ್ಷ್ಮವಿದೆ. ಒಂದು ಸುತ್ತಿನ ಅಲೆ ಅದರ ಮೇಲಣ ಸುತ್ತಿನ ಅಲೆಯೊಡನೆ ಹೊಂದಿದರಲ್ಲವೆ ಚಿತ್ತಾರವಾಗುವುದು? ಅದಕ್ಕೆ ನಾದವು ಒಂದೇ ಶ್ರುತಿಯಲ್ಲಿ ನಿಂತಿರಬೇಕು. ಗಮಕದಿಂದ ತೂಗುವ ತೋಡಿಯನ್ನು ಅಲ್ಲಿ ಹಾಡಿದರೆ ಅಲೆಗಳು ಕಲಸಿಹೋದಾವು. ಆದುದರಿಂದ ಮಣ್ಣು ಹಿಡಿಯುವುದು ತಂಬೂರಿಯನ್ನು, ರಾಗವನ್ನಲ್ಲ ಎಂದು ನನ್ನ ಮತ.

ಈ ವಿಚಾರ ನನಗೆ ಬರಿಯ ಕುತೂಹಲದ್ದಲ್ಲ. ನನ್ನ ಗೃಹಿಣಿ ತೀರಿಹೋಗಿ ಎರಡು ವರ್ಷವಾಯಿತು. ಅವಳು ಅಡುಗೆಮನೆಯಲ್ಲಿ ಗುನುಗುತ್ತಿದ್ದುದು ಮಗಳ ಫೋನಿನಲ್ಲಿ ಒಂದೆರಡು ನಿಮಿಷದಷ್ಟು ಉಳಿದಿದೆ. ಧ್ವನಿಯ ಅಲೆಯನ್ನು ಗಣಕಯಂತ್ರದಿಂದ ಗೆರೆಯಾಗಿ ಬರೆಯಿಸಿ, ಅದನ್ನೇ ಪಾತ್ರೆಯ ಮೈಗೆ ಸುತ್ತುವ ಉಪಾಯವೂ ಉಂಟು. “ಅಮ್ಮನ ಹಾಡನ್ನು ಹೂಜಿ ಮಾಡಿಸೋಣವೇ, ಅಪ್ಪಾ?” ಎಂದು ಮಗಳು ಕೇಳಿದಳು. ಕೂಡಲೆ ಉತ್ತರ ಹೊರಡಲಿಲ್ಲ. ಗೆರೆಯನ್ನು ಮುಟ್ಟಿದರೆ ಕಂಠ ಕೇಳಿಸೀತೆ? ಅದನ್ನು ಗಾಜಿನ ಬೀರುವಿನಲ್ಲಿಟ್ಟು, ಬಂದವರಿಗೆಲ್ಲ ಅರ್ಥ ಹೇಳುತ್ತ ಕೂಡುವುದು ನನಗೆ ಒಗ್ಗದು. ಮೇಲಾಗಿ ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಹೊಳಪಿನ ಲೇಪ ದಪ್ಪವಾದರೆ ಸಣ್ಣ ಅಲೆ ಮುಚ್ಚಿಹೋಗುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಪಳಗಿದ ಕೈಯೇ ಬಲ್ಲುದು.

ಕೊನೆಗೆ, “ಮಾಡಿಸು. ಲೇಪ ಬೇಡ, ನೀರು ತಣ್ಣಗಿರಲಿ. ಹಸಿಯಿರುವಾಗಲೇ ಬಾಯನ್ನು ಕುಂಬಾರರು ಕೈಯಿಂದ ತೀಡಲಿ. ನಿತ್ಯ ಬಳಸುವಂತಿರಬೇಕು” ಎಂದೆ. ಅವಳು ಈಗ ಒಳ್ಳೆಯ ಜೇಡಿಯನ್ನು ಹುಡುಕುತ್ತಿದ್ದಾಳೆ. ಹೂಜಿ ಎಷ್ಟು ನೀರು ಹಿಡಿಯಬೇಕೆಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ.